ಅಳಿಸಿದ ಗೆರೆ

"'ತುಂಬಿದ ಕೊಡ ತುಳುಕುವುದಿಲ್ಲ' ಎಂದು ನನ್ನ ಅವ್ವ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು, ಅಜ್ಜಾರೇ. ನಾನು ಹೆಚ್ಚು ಮಾತಾಡಿದಾಗ ಹೇಳುತ್ತಿದ್ದಳು, ಅತ್ತಾಗ ಹೇಳುತ್ತಿದ್ದಳು, ಎಡವಿ ಬಿದ್ದಾಗಲೂ ಅದನ್ನೇ ಹೇಳುತ್ತಿದ್ದಳು. ಆದರೆ ಕೆರೆಯಿಂದ ಬರುವಾಗ ಅವಳ ಸೆರಗು ಒದ್ದೆಯಾಗುತ್ತಿದ್ದುದು ತುಂಬಿದ ಕೊಡದಿಂದಲೇ. ಖಾಲಿ ಕೊಡ ಹೊತ್ತು ಸೆರಗು ಒದ್ದೆ ಮಾಡಿಕೊಂಡವರನ್ನು ನಾನು ಕಂಡಿಲ್ಲ. ಹಾಗಾದರೆ ಈ ಗಾದೆಯನ್ನು ನಂಬಬೇಕೆ, ಬಿಡಬೇಕೆ? ತುಳುಕಿದವನನ್ನು ಇನ್ನೂ ತುಂಬಿದವನು ಎನ್ನಬಹುದೆ?"

ನಿರುಪಾದಿ ಈ ಪ್ರಶ್ನೆಯನ್ನು ಕೇಳಿದ್ದು ಮಠದ ಅಂಗಳದಲ್ಲಿ, ಮಧ್ಯಾಹ್ನದ ಪ್ರಸಾದ ಮುಗಿದ ಮೇಲೆ. ಮಠದ ಹಿರಿಯ ಗುರುಗಳನ್ನು ಆ ಸೀಮೆಯವರೆಲ್ಲ ಅಜ್ಜನವರು ಎನ್ನುತ್ತಿದ್ದರು. ಅವರು ಕಂಬಕ್ಕೆ ಒರಗಿ ಕುಳಿತಿದ್ದರು. ಎದುರಿಗೆ ಹತ್ತು ಹನ್ನೆರಡು ಮಂದಿ ಶಿಷ್ಯರಿದ್ದರು. ದಾಸೋಹದ ಅಡುಗೆ ನೋಡಿಕೊಳ್ಳುವ ಪಾರವ್ವ ಮೊರದಲ್ಲಿ ಅಕ್ಕಿ ಆರಿಸುತ್ತ ಬಾಗಿಲ ಬಳಿ ಕುಳಿತಿದ್ದಳು.

ಪ್ರಶ್ನೆ ಕೊಡದ ಬಗ್ಗೆ ಇತ್ತು. ಆದರೆ ಅದು ಯಾರ ಬಗ್ಗೆ ಎಂಬುದು ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ಹಿಂದಿನ ಸಂಜೆ ಶ್ರಾವಣದ ಪುರಾಣ ಓದುತ್ತಿದ್ದ ಅಮರಯ್ಯ, ನೆರೆದ ಭಕ್ತರ ಮುಂದೆ ಎರಡು ಸಲ ತಡವರಿಸಿದ್ದ. ಮೂರನೆಯ ಸಲ, ಅರಸನ ಮದುವೆಯ ಕತೆಯ ನಡುವೆ ಅದೇ ಅರಸನ ಮರಣವನ್ನು ಓದಿಬಿಟ್ಟಿದ್ದ. "ಲಗ್ನದಾಗ ಹೆಣ ಎತ್ತಿದ್ರಲ್ಲಪ್ಪಾ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದ್ದರು. ಸಭೆಯೆಲ್ಲ ನಕ್ಕಿತ್ತು.

ನಾಳೆ ಪುರಾಣ ಮುಗಿಯುವ ದಿನ, ಮಂಗಲ. ಮಂಗಲದ ದಿನ ಓದಿದವನೇ ಮುಂದೆ ಮಠದ ಓದುಗನಾಗುತ್ತಾನೆ ಎಂಬುದು ಅಲ್ಲಿನ ವಾಡಿಕೆ. ಯಾರು ಓದಬೇಕೆಂಬುದನ್ನು ಅಜ್ಜನವರು ಈ ಮಧ್ಯಾಹ್ನವೇ ಹೇಳುವವರಿದ್ದರು. ಆ ಒಂದು ಮಾತಿಗಾಗಿ ನಿರುಪಾದಿ ಎಂಟು ವರ್ಷ ಕಾದಿದ್ದ. ಅಮರಯ್ಯ ಮಠಕ್ಕೆ ಬಂದು ಇನ್ನೂ ಎರಡು ವರ್ಷ. ಅವನು ಓದಲು ಕುಳಿತರೆ ತೊಟ್ಟಿಲ ಕೂಸೂ ಅಳು ನಿಲ್ಲಿಸುತ್ತದೆ ಎಂದು ಊರ ಹೆಂಗಸರು ಹೇಳುತ್ತಿದ್ದರು. ನಿರುಪಾದಿ ಓದುವಾಗ ಕೂಸುಗಳು ಅಳುತ್ತಿದ್ದವೋ ಸುಮ್ಮನಿರುತ್ತಿದ್ದವೋ ಯಾರೂ ಹೇಳಿರಲಿಲ್ಲ. ಹೇಳದೆ ಉಳಿದ ಆ ಮಾತು ಅವನ ಎದೆಯಲ್ಲಿ ಮುರಿದ ಮುಳ್ಳಿನಂತೆ ಕುಳಿತಿತ್ತು. ಇಂದು ಅಜ್ಜನವರ ಬಾಯಿಂದಲೇ, ಎಲ್ಲರ ಮುಂದೆ, 'ತುಳುಕಿದ್ದು ತುಂಬಿದ ಕೊಡವಲ್ಲ' ಎಂಬ ಮಾತು ಬರಲಿ ಎಂದು ಅವನು ಪ್ರಶ್ನೆಯನ್ನು ರಾತ್ರಿಯೆಲ್ಲ ಸಾಣೆ ಹಿಡಿದಿದ್ದ.

ಉತ್ತರ ಮೊದಲು ಬಾಗಿಲ ಕಡೆಯಿಂದ ಬಂತು.

"ಕೊಡದ ಸುದ್ದಿ ಹೊತ್ತಾಕಿನ್ನ ಕೇಳಬೇಕು, ಹೊರದವ್ರನ್ನ ಅಲ್ಲ," ಎಂದಳು ಪಾರವ್ವ. "ತುಳುಕೋದು ಕೊಡ ಅಲ್ಲೋ ತಮ್ಮಾ, ನಡಿಗಿ."

ಶಿಷ್ಯರು ನಕ್ಕರು. ಅಮರಯ್ಯ ನಗಲಿಲ್ಲ. ಅವನು ಬೆಳಿಗ್ಗೆಯಿಂದ ಯಾರೊಡನೆಯೂ ಮಾತಾಡಿರಲಿಲ್ಲ.

"ಪಾರವ್ವ ಅರ್ಧ ಉತ್ತರ ಹೇಳಿದಳು," ಎಂದರು ಅಜ್ಜನವರು. "ಉಳಿದ ಅರ್ಧ ಒಂದು ಹಳೆಯ ಕಾರಿನಲ್ಲಿದೆ. ಕೇಳಿರಿ."

ಒಂದು ಊರಿನಲ್ಲಿ ಒಬ್ಬ ಉಸ್ತಾದನಿದ್ದ. ಗ್ಯಾರೇಜಿನ ಯಜಮಾನನನ್ನು ಹಾಗೆ ಕರೆಯುತ್ತಾರೆ. ಅವನ ಕೈಕೆಳಗೆ ಇಬ್ಬರು ಕೆಲಸಗಾರರಿದ್ದರು. ಇಬ್ಬರೂ ಮಕ್ಕಳೊಂದಿಗರು. ಹಿರಿಯನು ಹನ್ನೆರಡು ವರ್ಷದಿಂದ ಇದ್ದ. ಕಿರಿಯನು ಬಂದು ಮೂರು ವರ್ಷವಾಗಿತ್ತು.

ಆ ಗ್ಯಾರೇಜಿಗೆ ಬರುತ್ತಿದ್ದುದು ಹಳೆಯ ಕಾರುಗಳು. ಹೊಸ ಕಾರು ಕೆಟ್ಟರೆ ನಿಲ್ಲುತ್ತದೆ. ಹಳೆಯ ಕಾರು ಕೆಟ್ಟರೂ ನಡೆಯುತ್ತದೆ. ನಡುಗುತ್ತ, ಸದ್ದು ಮಾಡುತ್ತ ನಡೆಯುತ್ತದೆ. ಆ ಸದ್ದಿನ ಮೂಲವನ್ನು ಹುಡುಕುವುದೇ ಅಲ್ಲಿನ ವಿದ್ಯೆ. ಅದು ಸುಲಭದ ವಿದ್ಯೆಯಲ್ಲ. ಕಬ್ಬಿಣವು ಚಾಡಿಕೋರನಂತೆ, ಒಂದು ಕಡೆಯ ಸದ್ದನ್ನು ಇನ್ನೊಂದು ಕಡೆ ಒಯ್ದು ಹೇಳುತ್ತದೆ. ಹಿಂದಿನ ಚಕ್ರದಲ್ಲಿ ಹುಟ್ಟಿದ್ದು ಮುಂದಿನ ಬಾಗಿಲಿನಲ್ಲಿ ಕೇಳಿಸುತ್ತದೆ.

ಆದ್ದರಿಂದ ಉಸ್ತಾದನು ಒಂದು ಪದ್ಧತಿ ಮಾಡಿದ್ದ. ದೋಷ ಯಾರಿಗೆ ಸಿಕ್ಕಿತೋ ಅವನು ಆ ಜಾಗದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಬೇಕು. ಇನ್ನೊಬ್ಬನು ಅದನ್ನೇ ಮತ್ತೆ ಹುಡುಕುತ್ತ ಹೊತ್ತು ಕಳೆಯದಿರಲಿ ಎಂಬುದು ಅದರ ಉದ್ದೇಶ. ಹಿರಿಯನು ಸುತ್ತು ಬರೆಯುತ್ತಿದ್ದ. ಕಿರಿಯನು ಗೆರೆ ಎಳೆಯುತ್ತಿದ್ದ.

ಪದ್ಧತಿ ಹಳೆಯದಾದಂತೆ ಅದರ ಉದ್ದೇಶ ಸವೆಯುತ್ತದೆ. ಗಿರಾಕಿಗಳು ಕಾರಿನ ಕೆಳಗೆ ಬಗ್ಗಿ ನೋಡಿ, "ಇದು ಯಾರ ಗುರುತು?" ಎಂದು ಕೇಳತೊಡಗಿದರು. ಒಂಬತ್ತು ವರ್ಷ ಆ ಊರಿನ ಕಾರುಗಳ ಹೊಟ್ಟೆಯಲ್ಲಿ ಸುತ್ತುಗಳೇ ಇದ್ದವು. ಕಿರಿಯನು ಬಂದ ಮೇಲೆ ಗೆರೆಗಳು ಕಾಣಿಸಿಕೊಂಡವು. ಮೊದಲು ಹತ್ತಕ್ಕೆ ಒಂದು. ಆಮೇಲೆ ಹತ್ತಕ್ಕೆ ಮೂರು. ಹಿರಿಯನು ಎಣಿಸುತ್ತಿದ್ದ. ಕಿರಿಯನು ಎಣಿಸುತ್ತಿರಲಿಲ್ಲ. ಅವನು ಎಣಿಸದಿದ್ದುದೇ ಹಿರಿಯನನ್ನು ಹೆಚ್ಚು ಸುಡುತ್ತಿತ್ತು.

ಒಂದು ದಿನ ಒಬ್ಬ ವರ್ತಕನು ಬಂದ. ಅವನ ಕಾರು ತಂದೆಯ ಕಾಲದ್ದು. ಮೂವತ್ತು ವರ್ಷ ದಾಟಿತ್ತು.

"ನಲವತ್ತರ ಸ್ಪೀಡಿನಾಗ ಏನೂ ಇಲ್ಲ ಉಸ್ತಾದ," ಎಂದ ವರ್ತಕ. "ಐವತ್ತು ದಾಟಿತಂದ್ರ ಕೆಳಗ ಬೀಸೂ ಕಲ್ಲು ತಿರುವಿದಂಗ ಗುರ್ ಅಂತೈತಿ. ಸೀಟು ನಡಗತೈತಿ. ಎಪ್ಪತ್ತಕ್ಕ ಮತ್ತ ಸುಮ್ಮನಾಗತೈತಿ. ನಮ್ಮಾಕಿ ಇದರಾಗ ಕೂಡೂದಿಲ್ಲಂತ ಹಟ ಹಿಡದಾಳ. ಸದ್ದರ ಹೋಗಬೇಕು, ಇಲ್ಲ ಕಾರರ ಹೋಗಬೇಕು."

"ಎಪ್ಪತ್ತರಾಗ ಓಡಸ್ರಿ ಸಾವ್ಕಾರ್ರೇ, ಸುಮ್ಮನಿರತೈತಿ," ಎಂದ ಹಿರಿಯ.

"ಎಪ್ಪತ್ತರಾಗ ಓಡಿಸಿದ್ರ ಕಾರು ಸುಮ್ಮನಿರತೈತಿ, ನಮ್ಮಾಕಿ ಸುರು ಮಾಡತಾಳ," ಎಂದ ವರ್ತಕ.

ಉಸ್ತಾದನು ನಕ್ಕ. ಆಮೇಲೆ ತನ್ನ ಇಬ್ಬರು ಕೆಲಸಗಾರರ ಕಡೆ ತಿರುಗಿ ಹೇಳಿದ: "ಸದ್ದು ಎಲ್ಲಿಂದ ಬರತೈತಿ ಅಂತ ಮೊದಲ ಕೇಳಬ್ಯಾಡ್ರಿ. ಯಾವಾಗ ಬರತೈತಿ ಅಂತ ಕೇಳ್ರಿ."

ಹಿರಿಯನು ಕಾರು ಓಡಿಸಿದ. ಕಿರಿಯನು ಹಿಂದಿನ ಸೀಟಿನಲ್ಲಿ ಕುಳಿತ. ಐವತ್ತೈದರಲ್ಲಿ ನಡುಕ ಬಂತು. ಹಿರಿಯನು ಗೇರನ್ನು ನ್ಯೂಟ್ರಲ್ಲಿಗೆ ತಂದು ಕಾರನ್ನು ತನ್ನ ಪಾಡಿಗೆ ಉರುಳಲು ಬಿಟ್ಟ. ಎಂಜಿನ್ನಿನ ಸದ್ದು ತಗ್ಗಿತು, ನಡುಕ ತಗ್ಗಲಿಲ್ಲ. ಎಂಜಿನ್ನಿನ ಮೇಲೆ ತಪ್ಪಿಲ್ಲ ಎಂದಾಯಿತು. ಸ್ಟೇರಿಂಗ್ ಹಿಡಿದ ಕೈ ನಡುಗಲಿಲ್ಲ. ಕುಳಿತ ಸೀಟು ನಡುಗಿತು. ಮುಂದಿನ ಚಕ್ರಗಳ ಮೇಲೂ ತಪ್ಪಿಲ್ಲ ಎಂದಾಯಿತು. ಉಳಿದದ್ದು ಹಿಂದಿನ ಭಾಗ.

ಹಿರಿಯನು ಹಿಂದಿನ ಚಕ್ರಗಳನ್ನು ಬಿಚ್ಚಿ ಅವುಗಳ ತೂಕ ಸರಿಮಾಡಿದ. ಟೈರಿನಲ್ಲಿ ಎಲ್ಲಾದರೂ ಉಬ್ಬಿದೆಯೇ ಎಂದು ಅಂಗೈಯಿಂದ ಸವರಿ ನೋಡಿದ. ಸೈಲೆನ್ಸರನ್ನು ತೂಗುಹಾಕಿದ್ದ ರಬ್ಬರು ಹರಿದು, ಕೊಳವೆ ಮೇಲಿನ ತಗಡಿಗೆ ಬಡಿಯುತ್ತಿತ್ತು. ಅಲ್ಲಿ ಹೊಸ ರಬ್ಬರು ಹಾಕಿದ. ಬಡಿತ ನಿಂತಿತು. ಅಲ್ಲಿ ದೊಡ್ಡದೊಂದು ಸುತ್ತು ಬರೆದ. ಆದರೆ ದೊಡ್ಡ ಸದ್ದು ಹೋದಾಗ ಅದರ ಮರೆಯಲ್ಲಿದ್ದ ಸಣ್ಣ ಸದ್ದು ತಲೆ ಎತ್ತುತ್ತದೆ. ಮತ್ತೆ ಓಡಿಸಿದಾಗ ಗುರುಗುಟ್ಟುವ ಸದ್ದು ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸಿತು. ನಡುಕ ಇದ್ದ ಹಾಗೆಯೇ ಇತ್ತು.

ಗೇರುಪೆಟ್ಟಿಗೆಯಿಂದ ಹಿಂದಿನ ಚಕ್ರಗಳವರೆಗೆ, ಕಾರಿನ ಹೊಟ್ಟೆಯ ಕೆಳಗೆ, ಒಂದು ಉದ್ದನೆಯ ಕಬ್ಬಿಣದ ಕೊಳವೆ ತಿರುಗುತ್ತಿರುತ್ತದೆ. ಅದಕ್ಕೆ ಶಾಫ್ಟ್ ಎನ್ನುತ್ತಾರೆ. ಅದರ ತುದಿಗಳಲ್ಲಿ ಕೀಲುಗಳಿವೆ. ಹಿರಿಯನು ಆ ಕೀಲುಗಳನ್ನೂ ಮುಟ್ಟಿ ನೋಡಿದ್ದ. ಆದರೆ ಕಾರು ಗೇರಿನಲ್ಲಿದ್ದಾಗ, ಚಕ್ರಗಳು ನೆಲದ ಮೇಲಿದ್ದಾಗ ನೋಡಿದ್ದ. ಆ ಹಿಡಿತದಲ್ಲಿ ಕೀಲು ಬಿಗಿಯಾಗಿಯೇ ಕಂಡಿತ್ತು. ಕಿರಿಯನು ಗೇರು ಬಿಡಿಸಿ, ಹಿಂದಿನ ಚಕ್ರಗಳನ್ನು ನೆಲದಿಂದ ಎತ್ತಿ ನಿಲ್ಲಿಸಿ, ಕಾರಿನ ಕೆಳಗಿನ ಗುಂಡಿಗೆ ಇಳಿದ. ಶಾಫ್ಟನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲನೆ ಅತ್ತಿತ್ತ ತಿರುವಿದ. ಹಿಂಬದಿಯ ಕೀಲು ಬೀಳಲಿರುವ ಹಲ್ಲಿನಂತೆ ಅಲುಗಿತು.

"ಉಸ್ತಾದ, ಇಲ್ಲೈತಿ," ಎಂದ.

ಉಸ್ತಾದನು ಗುಂಡಿಗೆ ಇಳಿದು ತಾನೂ ತಿರುವಿ ನೋಡಿದ. "ನಿನ್ನ ಬೆರಳಿಗೂ ಕಿವಿ ಅದಾವಲ್ಲೋ!" ಎಂದ.

ಹನ್ನೆರಡು ವರ್ಷಗಳಲ್ಲಿ ಉಸ್ತಾದನು ಹಿರಿಯನಿಗೆ ಹಬ್ಬಕ್ಕೆ ಬಟ್ಟೆ ಕೊಟ್ಟಿದ್ದ. ಜ್ವರ ಬಂದಾಗ ಮನೆಗೆ ಬಂದು ಹಾಸಿಗೆಯ ಬಳಿ ಕುಳಿತಿದ್ದ. ಮಗಳ ಮದುವೆಯಲ್ಲಿ ಪಂಕ್ತಿಗೆ ನಿಂತು ತಾನೇ ಬಡಿಸಿದ್ದ. ಆದರೆ ಇಂಥದೊಂದು ಮಾತನ್ನು ಕೊಟ್ಟಿರಲಿಲ್ಲ.

ಇಲ್ಲಿ ನಿರುಪಾದಿ ತನಗರಿವಿಲ್ಲದೆ ತಲೆಯಾಡಿಸಿದ. ಆ ಹಿರಿಯನು ಅವನಿಗೆ ಬಹುಕಾಲದ ಪರಿಚಿತನಂತೆ ಕಂಡ. ಆ ಗ್ಯಾರೇಜಿನಲ್ಲಿ ತಾನೂ ಒಂದು ಮೂಲೆಯಲ್ಲಿ ನಿಂತು ಆ ಮಾತನ್ನು ಕೇಳಿದ ಹಾಗೆ ಅವನ ಕಿವಿ ಬಿಸಿಯಾಯಿತು. ಅಜ್ಜನವರು ಅವನ ಕಡೆ ನೋಡಲಿಲ್ಲ. ಕತೆ ಮುಂದುವರಿಯಿತು.

ಕೀಲು ಬದಲಿಸಬೇಕಾದರೆ ಶಾಫ್ಟನ್ನು ಬಿಚ್ಚಬೇಕು. ಶಾಫ್ಟಿನ ತುದಿಗೆ ಒಂದು ದುಂಡನೆಯ ಬಿಲ್ಲೆ ಇರುತ್ತದೆ. ಹಿಂದಿನ ಆಕ್ಸಲ್ಲಿನ ಮುಖಕ್ಕೆ ಅಂಥದೇ ಇನ್ನೊಂದು. ಎರಡನ್ನೂ ಮುಖಕ್ಕೆ ಮುಖ ಕೂಡಿಸಿ ನಾಲ್ಕು ಬೋಲ್ಟುಗಳಿಂದ ಬಿಗಿದಿರುತ್ತಾರೆ. ಬಿಚ್ಚುವ ಮೊದಲು ಕಿರಿಯನು ಎರಡು ಬಿಲ್ಲೆಗಳ ಅಂಚನ್ನೂ ದಾಟುವಂತೆ ಸೀಮೆಸುಣ್ಣದಿಂದ ಒಂದೇ ಗೆರೆ ಎಳೆದ. ಬಿಚ್ಚಿದಾಗ ಅರ್ಧ ಗೆರೆ ಶಾಫ್ಟಿನ ಬಿಲ್ಲೆಯ ಮೇಲೆ ಉಳಿಯಿತು, ಅರ್ಧ ಆಕ್ಸಲ್ಲಿನ ಬಿಲ್ಲೆಯ ಮೇಲೆ. ಅವನು ಹೊಸ ಕೀಲು ಹಾಕಿ, ಶಾಫ್ಟನ್ನು ಬೆಂಚಿನ ಮೇಲಿಟ್ಟು ಊಟಕ್ಕೆ ಹೋದ.

ಹಿರಿಯನು ಗೆರೆಯನ್ನು ನೋಡಿದ. ಕೆಟ್ಟದ್ದು ಕೀಲು, ಗೆರೆ ಇದ್ದದ್ದು ಕೆಡದ ಬಿಲ್ಲೆಯ ಮೇಲೆ. ಅದೂ ಎರಡು ಕಡೆ. 'ಒಂದು ಸದ್ದು ಹುಡುಕಿ ಎರಡು ಕಡೆ ಹೆಸರು ಬರಕೊಂಡಾನ,' ಎಂದುಕೊಂಡ. 'ಸಂಜೀಕ ಸಾವ್ಕಾರ ಬರತಾನ, ಬಗ್ಗಿ ನೋಡತಾನ, ಊರೆಲ್ಲ ಹೇಳತಾನ.' ಒಂದು ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿದ. ಶಾಫ್ಟಿನ ಬಿಲ್ಲೆಯನ್ನು ಒರೆಸಿದ. ಗುಂಡಿಗೆ ಇಳಿದು ಆಕ್ಸಲ್ಲಿನ ಬಿಲ್ಲೆಯನ್ನೂ ಒರೆಸಿದ. ಎರಡು ಕಡೆಯೂ ಒಂದೊಂದು ಬೆರಳಿನ ಅಗಲ. ಅಷ್ಟೇ.

"ಆ ಗೆರೆ ಏತಕ್ಕೆ ಇತ್ತು, ಅಜ್ಜಾರೇ?" ಎಂದು ಶಿಷ್ಯರಲ್ಲೊಬ್ಬನು ಕೇಳಿದ.

"ಮರಳಿ ಜೋಡಿಸುವುದಕ್ಕೆ. ಮೂವತ್ತು ವರ್ಷ ಜೊತೆಯಾಗಿ ತಿರುಗಿದ ಎರಡು ಬಿಲ್ಲೆಗಳು ಒಂದರ ಕೊರತೆಯನ್ನು ಇನ್ನೊಂದು ಹೊತ್ತುಕೊಂಡು ಒಗ್ಗಿರುತ್ತವೆ. ಇದರ ಭಾರ ಎಲ್ಲಿ ಹೆಚ್ಚೋ ಅದರ ಭಾರ ಅಲ್ಲಿ ಕಡಿಮೆ. ಬಿಚ್ಚುವ ಮೊದಲು ಹೇಗಿದ್ದವೋ ಹಾಗೆಯೇ ಕೂಡಿಸಿದರೆ ಸುಮ್ಮನೆ ತಿರುಗುತ್ತವೆ. ನಾಲ್ಕು ಬೋಲ್ಟು ಎಂದರೆ ಕೂಡಿಸಲು ನಾಲ್ಕು ದಾರಿ. ಒಂದೇ ಸರಿ. ಆ ಒಂದನ್ನು ನೆನಪಿಡುವುದಕ್ಕೆ ಗೆರೆ."

"ಹನ್ನೆರಡು ವರ್ಷ ದುಡಿದವನಿಗೆ ಅದು ಗೊತ್ತಿರಲಿಲ್ಲವೇ?"

"ಗೊತ್ತಿತ್ತು," ಎಂದರು ಅಜ್ಜನವರು. "ಅವನೇ ನೂರು ಸಲ ಅಂಥ ಗೆರೆ ಎಳೆದಿದ್ದ. ಆದರೆ ಮತ್ಸರವು ಗೆರೆಯನ್ನು ನೋಡುವ ಮೊದಲು ಗೆರೆ ಎಳೆದ ಕೈಯನ್ನು ನೋಡುತ್ತದೆ. ಕೈ ಕಂಡ ಮೇಲೆ ಅದಕ್ಕೆ ಗೆರೆ ಕಾಣಿಸುವುದಿಲ್ಲ."

ನಿರುಪಾದಿಯ ಕೈ ತಾನಾಗಿ ಅಂಗಿಯ ಜೇಬಿನ ಮೇಲೆ ಹೋಯಿತು. ಜೇಬಿನಲ್ಲಿ ಏಳು ಕಾಗದದ ಚೀಟಿಗಳಿದ್ದವು.

ಮಠದ ಪುರಾಣದ ಪುಸ್ತಕ ಹಳೆಯದು, ಕೈಬರಹದ್ದು. ಎಂದೋ ಯಾರೋ ಅದನ್ನು ಬಿಚ್ಚಿ ಹೊಲಿಯುವಾಗ ಹಾಳೆಗಳು ಹಿಂದುಮುಂದಾಗಿದ್ದವು. ಒಂದು ಕತೆ ಓದುತ್ತ ಹೋದರೆ ನಡುವೆ ಇನ್ನೊಂದು ಕತೆ ಬರುತ್ತಿತ್ತು. ಮೊದಲಿನದರ ಉಳಿದ ಭಾಗ ನಲವತ್ತು ಹಾಳೆಗಳ ಆಚೆ ಸಿಗುತ್ತಿತ್ತು. ಅಮರಯ್ಯ ಎರಡು ತಿಂಗಳು ಕುಳಿತು, ಕತೆ ಮುರಿಯುವ ಏಳು ಕಡೆಗಳಲ್ಲಿ ಪುಟದ ಅಂಚಿಗೆ ಗೋಂದಿನಿಂದ ಚೀಟಿ ಅಂಟಿಸಿದ್ದ. ನಿನ್ನೆ ಮಧ್ಯಾಹ್ನ ಓದುವ ಪೀಠದ ಮೇಲೆ ಪುಸ್ತಕ ಒಂದೇ ಇದ್ದಾಗ ನಿರುಪಾದಿ ಆ ಚೀಟಿಗಳನ್ನು ಕಂಡಿದ್ದ. ಪುಸ್ತಕದ ಅಂಚಿನಿಂದ ಅವು ನಾಲಗೆ ಚಾಚಿದಂತೆ ಇಣುಕುತ್ತಿದ್ದವು. 'ಎಷ್ಟು ಓದಿದ್ದೇನೆ ನೋಡಿರಿ ಎಂದು ಸಭೆಗೆ ತೋರಿಸುವ ಬಗೆ ಇದು' ಎಂದುಕೊಂಡಿದ್ದ. ಒಂದೊಂದಾಗಿ ಹರಿದು ತೆಗೆದಿದ್ದ.

ಹಾಳೆಗಳು ಹಿಂದುಮುಂದಾಗಿವೆ ಎಂಬುದು ಅವನಿಗೂ ಗೊತ್ತಿತ್ತು. ಆರು ವರ್ಷದ ಹಿಂದೆ ಅದೇ ಪುಸ್ತಕದಲ್ಲಿ ದಾರಿ ತಪ್ಪಿ ಅವನೇ ಅತ್ತಿದ್ದ. ಆ ಮಧ್ಯಾಹ್ನ ಅದು ನೆನಪಾಗಲಿಲ್ಲ. ನಿನ್ನೆ ಸಂಜೆ ಸಭೆ ನಕ್ಕಾಗ ಒಮ್ಮೆ ನೆನಪಾಗಿತ್ತು. ಅವನು ಆ ನೆನಪಿಗೆ ಬೆನ್ನು ತಿರುಗಿಸಿ ಎಲ್ಲರ ಜೊತೆ ನಕ್ಕಿದ್ದ.

ಅಜ್ಜನವರು ಕತೆ ಮುಂದುವರಿಸಿದರು. ಕಿರಿಯನು ಊಟ ಮುಗಿಸಿ ಬಂದ. ಗೆರೆ ಇರಲಿಲ್ಲ. ಎಳೆದದ್ದು ನೆನಪಿತ್ತು, ಎಳೆದದ್ದು ಕಾಣುತ್ತಿರಲಿಲ್ಲ. ಬಹುಶಃ ಎಳೆಯಬೇಕೆಂದು ಅಂದುಕೊಂಡು ಮರೆತೆ ಎಂದು ಭಾವಿಸಿದ. ಈ ವಿದ್ಯೆಯ ಮೊದಲ ಪಾಠವನ್ನೇ ಮರೆತೆನೆಂದು ಹೇಳಿಕೊಳ್ಳಲು ನಾಚಿಕೆಯಾಯಿತು. ಯಾರಿಗೂ ಹೇಳಲಿಲ್ಲ. ಕಣ್ಣಂದಾಜಿನಲ್ಲಿ ಬಿಲ್ಲೆಗೆ ಬಿಲ್ಲೆ ಕೂಡಿಸಿ ಬೋಲ್ಟು ಬಿಗಿದ.

ಸಂಜೆ ವರ್ತಕನನ್ನು ಕೂರಿಸಿಕೊಂಡು ಕಾರು ಹೊರಟಿತು. ಐವತ್ತಕ್ಕೆ ಬರುತ್ತಿದ್ದ ನಡುಕ ಮೂವತ್ತಕ್ಕೇ ಬಂತು. ನಲವತ್ತಕ್ಕೆ ಬಾಗಿಲುಗಳು ಕಟಕಟಿಸಿದವು. ವರ್ತಕನು ಇಳಿದು ಟೊಪ್ಪಿಗೆ ಸರಿಮಾಡಿಕೊಂಡ.

"ಮೊದಲ ಬೀಸೂ ಕಲ್ಲಿತ್ತು ಉಸ್ತಾದ. ಈಗ ರಾಶಿ ಮಷಿನ್ ಆಗೇತಿ. ಜ್ವಾಳ ತಂದು ಹಾಕಲೇನು?"

ಸುತ್ತ ನಿಂತವರು ನಕ್ಕರು. ಹಿರಿಯನು ಎಲ್ಲರಿಗಿಂತ ಗಟ್ಟಿಯಾಗಿ ನಕ್ಕ. "ಬೆರಳಿಗೆ ಕಿವಿ ಇದ್ರ ಸಾಲದೋ ತಮ್ಮಾ," ಎಂದ, "ಕಿವಿಗೆ ಬುದ್ಧೀನೂ ಇರಬೇಕು."

ಹನ್ನೆರಡು ವರ್ಷಗಳಲ್ಲಿ ಅವನು ಅಷ್ಟು ಹಗುರವಾಗಿ ಮನೆಗೆ ಹೋದ ಸಂಜೆ ಇನ್ನೊಂದಿರಲಿಲ್ಲ.

ಕಿರಿಯನು ಮೂರು ದಿನ ಹುಡುಕಿದ. ಹೊಸ ಕೀಲನ್ನು ಅನುಮಾನಿಸಿ ತೆಗೆದು ಮತ್ತೊಂದು ಹಾಕಿದ. ಗೇರುಪೆಟ್ಟಿಗೆಯ ಕೆಳಗಿನ ರಬ್ಬರನ್ನು ನೋಡಿದ. ಚಕ್ರಗಳನ್ನು ಅದಲುಬದಲು ಮಾಡಿದ. ಪ್ರತಿ ಸಲವೂ ಬಿಲ್ಲೆಗಳನ್ನು ತಾನು ಮೊದಲು ಕೂಡಿಸಿದ ಹಾಗೆಯೇ ಕೂಡಿಸಿದ. ಎಲ್ಲವನ್ನೂ ಅನುಮಾನಿಸಿದ, ಅದೊಂದನ್ನು ಬಿಟ್ಟು. ಅದನ್ನು ಅನುಮಾನಿಸಿದರೆ ಮರೆತದ್ದನ್ನು ಒಪ್ಪಿಕೊಳ್ಳಬೇಕಾಗಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಉಸ್ತಾದನ ಮುಂದೆ ನಿಂತ.

"ನಾ ಬಿಡತೀನಿ ಉಸ್ತಾದ. ನಮ್ಮ ಮಾವನ ಇಟ್ಟಂಗಿ ಭಟ್ಟಿ ಐತಿ, ಅಲ್ಲಿಗೆ ಹೋಗತೀನಿ. ಕಾರು ನಡಗಾಕ ಹತ್ತಿಲ್ಲ, ನನ್ನ ನೆನಪು ನಡಗಾಕ ಹತ್ತೇತಿ. ಗೆರಿ ಎಳದೆ ಅಂತ ನೆನಪೈತಿ. ಗೆರಿ ಇಲ್ಲ."

ಹಿರಿಯನು ಪಕ್ಕದಲ್ಲೇ ಇದ್ದ. ಅವನು ಬಯಸಿದ್ದು ಗೆರೆ ಹೋಗಲಿ ಎಂದು. ಗೆರೆ ಎಳೆದವನೇ ಹೋಗುತ್ತೇನೆ ಎಂದಾಗ ಅವನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ.

ಉಸ್ತಾದನು ಟಾರ್ಚ್ ಹಿಡಿದು ಗುಂಡಿಗೆ ಇಳಿದ. ಬೋಲ್ಟುಗಳನ್ನು ಬಿಚ್ಚಿ ಶಾಫ್ಟನ್ನು ಕೆಳಗಿಳಿಸಿದ. ಬಿಲ್ಲೆಗಳ ಮೇಲೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದ. ಮೂವತ್ತು ವರ್ಷದ ಧೂಳು, ಗ್ರೀಸು ಸೇರಿ ಎರಡು ಬಿಲ್ಲೆಗಳ ಅಂಚುಗಳೂ ಕಾಡಿಗೆಯಂತೆ ಕಪ್ಪಾಗಿದ್ದವು. ಆ ಕಪ್ಪಿನಲ್ಲಿ, ಶಾಫ್ಟಿನ ಬಿಲ್ಲೆಯ ಮೇಲೆ ಒಂದು ಕಡೆ, ಒಂದು ಬೆರಳಿನ ಅಗಲ ಕಬ್ಬಿಣ ಹೊಳೆಯುತ್ತಿತ್ತು. ಆಕ್ಸಲ್ಲಿನ ಬಿಲ್ಲೆಯ ಮೇಲೂ ಒಂದು ಕಡೆ, ಒಂದು ಬೆರಳಿನ ಅಗಲ.

ಸೀಮೆಸುಣ್ಣದ ಗೆರೆಯಾಗಿದ್ದರೆ ಮೂರು ದಿನದ ಓಡಾಟಕ್ಕೆ ಉದುರಿಹೋಗುತ್ತಿತ್ತು. ಅದನ್ನು ಅಳಿಸಿದ ಜಾಗ ಉದುರಲಿಲ್ಲ.

ಉಸ್ತಾದನು ಹೊಳಪಿಗೆ ಹೊಳಪು ಕೂಡಿಸಿ ನಾಲ್ಕು ಬೋಲ್ಟುಗಳನ್ನು ಬಿಗಿದ. ಹಿರಿಯನಿಗೆ ಕಾರು ಓಡಿಸಲು ಹೇಳಿ, ಕಿರಿಯನನ್ನು ಪಕ್ಕದಲ್ಲಿ ಕೂರಿಸಿ, ತಾನು ಹಿಂದೆ ಕುಳಿತ. ಮೂವತ್ತು, ನಲವತ್ತು, ಐವತ್ತು, ಅರವತ್ತು. ಕಾರು ನೀರಿನ ಮೇಲೆ ಹೋದಂತೆ ಹೋಯಿತು. ಆ ಮೌನದಲ್ಲಿ ಒಂದೇ ಒಂದು ನಡುಕ ಉಳಿದಿತ್ತು. ಅದು ಸ್ಟೇರಿಂಗ್ ಹಿಡಿದ ಕೈಗಳದು.

"ಎಳದಿದ್ದಿ ತಮ್ಮಾ," ಎಂದ ಉಸ್ತಾದ ಹಿಂದಿನಿಂದ, ಕಿರಿಯನಿಗೆ. "ನಿನ್ನ ನೆನಪು ಗಟ್ಟಿ ಐತಿ." ಯಾರು ಒರೆಸಿದರು ಎಂದು ಅವನು ಕೇಳಲಿಲ್ಲ. ಆ ಗ್ಯಾರೇಜಿನಲ್ಲಿ ಇದ್ದವರೇ ಮೂವರು.

ಅಜ್ಜನವರು ಇಲ್ಲಿಗೆ ಕತೆ ನಿಲ್ಲಿಸಿದರು. ಪಾರವ್ವನ ಮೊರ ಯಾವಾಗಲೋ ಸದ್ದು ನಿಲ್ಲಿಸಿತ್ತು.

ಕೇಳಬಾರದೆಂದುಕೊಂಡರೂ ನಿರುಪಾದಿ ಕೇಳಿದ. ಧ್ವನಿ ತನ್ನದಲ್ಲವೆಂಬಂತೆ ದೂರದಿಂದ ಬಂತು. "ಆ ಹಿರಿಯನಿಗೆ ಉಸ್ತಾದನು ಏನು ಶಿಕ್ಷೆ ಕೊಟ್ಟ, ಅಜ್ಜಾರೇ?"

"ಶಿಕ್ಷೆ ಕೊಡಲಿಲ್ಲ," ಎಂದರು ಅಜ್ಜನವರು. "ಸೀಮೆಸುಣ್ಣ ಕೊಟ್ಟ."

"ಮತ್ತ ಕೊಡದ ಮಾತು ಅಲ್ಲೇ ಉಳೀತಲ್ರೀ ಅಜ್ಜಾರ?" ಎಂದಳು ಪಾರವ್ವ.

"ಕೊಡ ತುಳುಕಿದಾಗ ಕೊಡವನ್ನು ನೋಡಬೇಕು. ನೀನು ಹೇಳಿದ ಹಾಗೆ ನಡಿಗೆಯನ್ನೂ ನೋಡಬೇಕು. ಪಕ್ಕದಲ್ಲಿ ನಡೆದವನ ಮೊಣಕೈಯನ್ನು ನೋಡುವುದನ್ನು ಮಾತ್ರ ಜನ ಮರೆಯುತ್ತಾರೆ."

ಅವರು ಎದ್ದು ಓದುವ ಪೀಠದ ಬಳಿ ಹೋದರು. ಪುರಾಣದ ಪುಸ್ತಕವನ್ನು ತೆರೆದು ಒಂದು ಪುಟದ ಅಂಚನ್ನು ಬೆರಳಿನಿಂದ ಸವರಿದರು. ಅಲ್ಲಿ ಏನಿದೆಯೆಂದು ನಿರುಪಾದಿಗೆ ಗೊತ್ತಿತ್ತು. ಅವಸರದಲ್ಲಿ ಹರಿದಾಗ ಗೋಂದು ಬಿಡದೆ, ಪ್ರತಿ ಚೀಟಿಯ ತುದಿಯೂ ಅಕ್ಕಿಕಾಳಿನಷ್ಟು ಬೆಳ್ಳಗೆ ಪುಟದಲ್ಲೇ ಉಳಿದಿತ್ತು. ಏಳು ಪುಟಗಳಲ್ಲಿ ಏಳು ಕಾಳು. ಅಮರಯ್ಯ ಮೊದಲ ಸಲ ತಲೆ ಎತ್ತಿ ಪುಸ್ತಕದ ಕಡೆ ನೋಡಿದ. ಆಮೇಲೆ ತನ್ನ ಕೈಗಳನ್ನು ನೋಡಿಕೊಂಡ, ಕಳೆದುಹೋದದ್ದೊಂದು ಸಿಕ್ಕವನಂತೆ.

ನಿರುಪಾದಿಗೆ ಹೇಳಬೇಕೆನಿಸಿತು. ಎದ್ದು ನಿಂತ. ಜೇಬಿನ ಚೀಟಿಗಳು ಕೈಯಲ್ಲಿದ್ದವು. ಎಲ್ಲರೂ ಅವನ ಕಡೆ ತಿರುಗಿದರು. ಅಜ್ಜನವರು ಪುಸ್ತಕವನ್ನು ಮುಚ್ಚಿ, ಅದನ್ನು ತಂದು ಅವನ ಎರಡು ಕೈಗಳ ಮೇಲಿಟ್ಟು, ಅಂಗಳಕ್ಕೆಲ್ಲ ಕೇಳುವಂತೆ ಹೇಳಿದರು:

"ನಾಳೆ ಮಂಗಲಕ್ಕೆ ಅಮರಯ್ಯ ಓದುತ್ತಾನೆ, ಅವನಿಗೆ ಚೀಟಿ ಅಂಟಿಸಿ ಕೊಡುವವನು ನಿರುಪಾದಿ."